ಅತ್ತಿಯ ಓದು, ಹಾಲಿನ ನಂಟು

ಯಲಬುರ್ಗಾದಲ್ಲಿ ನಮ್ಮದು ಗಾದಿ ಹೊಲಿಯುವ ಮನೆ. ಮದುವೆಯ ದಿನಗಳು ಬಂದವೆಂದರೆ ಅಪ್ಪ ಹತ್ತಿ ಹಿಂಜುತ್ತ, ದಿಂಬು ತುಂಬುತ್ತ ಊಟಕ್ಕೂ ಏಳುತ್ತಿರಲಿಲ್ಲ. ಅವನ ಹುಬ್ಬಿನ ಮೇಲೆ, ಕಿವಿಯ ಮೇಲೆ ಹತ್ತಿಯ ಎಳೆ ಕೂತಿರುತ್ತಿತ್ತು. ಮನೆಯ ಮಾತು ಕನ್ನಡ. ನಮಾಜಿಗೆ ಬೇಕಾದಷ್ಟು ಅರಬ್ಬಿ ಬಾಯಿಪಾಠ, ಉರ್ದು ಅಷ್ಟಕ್ಕಷ್ಟೇ. ಇಂಥ ಮನೆಯಲ್ಲಿ ಅರಬ್ಬಿ ಪುಸ್ತಕವನ್ನು ಬೆರಳಿಟ್ಟು ಓದಿ, ಅದರ ಅರ್ಥವನ್ನು ನಮ್ಮೂರ ಮಾತಿನಲ್ಲೇ ಬಿಡಿಸಿ ಹೇಳುವ ಹೆಂಗಸೊಬ್ಬಳಿದ್ದಳು. ಆಕೆ ನನ್ನ ಅತ್ತಿ, ಅಪ್ಪನ ಅಕ್ಕ.

ಅತ್ತಿಯನ್ನು ಗಂಗಾವತಿಗೆ ಕೊಟ್ಟಿದ್ದರು. ಆಕೆಯ ಮಾವ ಆಲಿಮರು, ಅಂದರೆ ಧರ್ಮಶಾಸ್ತ್ರವನ್ನು ಗುರುಗಳ ಹತ್ತಿರ ಕ್ರಮವಾಗಿ ಓದಿದವರು. ಆದರೆ ಓದನ್ನು ಹೊಟ್ಟೆಪಾಡು ಮಾಡಿಕೊಳ್ಳಬಾರದೆಂಬ ಹಟ ಅವರದು. ಬಜಾರದಲ್ಲಿ ಕೂತು ಗಡಿಯಾರ ರಿಪೇರಿ ಮಾಡುತ್ತಿದ್ದರು. ವಯಸ್ಸಾಗುತ್ತ ಬಂದಂತೆ ಕಣ್ಣು ಮಂಜಾಯಿತು. ಮೊದಲು ಗಡಿಯಾರದೊಳಗಿನ ಸಣ್ಣ ಚಕ್ರಗಳು ಕಾಣದಾದವು, ಆಮೇಲೆ ಪುಸ್ತಕದ ಅಕ್ಷರಗಳು. ಗಂಡುಮಕ್ಕಳಿಗೆ ಅಕ್ಕಿ ಗಿರಣಿಯ ಕೆಲಸ. ದಿನವಿಡೀ ಮನೆಯಲ್ಲಿ ಸಿಗುವವಳು ಸೊಸೆ ಒಬ್ಬಳೇ. ಒಂದು ದಿನ ಅವಳನ್ನು ಹತ್ತಿರ ಕರೆದು, “ನನ್ನ ಕಣ್ಣು ಹೋದ್ವವ್ವಾ. ನಿನ್ನ ಕಣ್ಣು ನನಗ ಕೊಡ್ತೀಯೇನು?” ಎಂದು ಕೇಳಿದರಂತೆ.

ಅತ್ತಿ ಕನ್ನಡ ಸಾಲಿಯಲ್ಲಿ ಸ್ವಲ್ಪ ಓದಿದ್ದಳು, ಅಷ್ಟೇ. ಮಾವ ಅವಳ ಅಂಗೈ ಮೇಲೆ ಬೆರಳಿನಿಂದ ಅರಬ್ಬಿ ಅಕ್ಷರ ಬರೆದು ಕಲಿಸಿದರು. ತಮಗೆ ಕಾಣದಿದ್ದರೂ ಬೆರಳಿಗೆ ಅಕ್ಷರ ನೆನಪಿತ್ತು. ಅವಳು ರೊಟ್ಟಿ ಬಡಿಯುತ್ತ ಪಾಠ ಒಪ್ಪಿಸುತ್ತಿದ್ದಳು, ಅವರು ಒಲೆಯ ಈಚೆ ಕೂತು ತಿದ್ದುತ್ತಿದ್ದರು. ಹೀಗೆ ವರ್ಷಗಳ ಮೇಲೆ ವರ್ಷ ಕಳೆದು, ಮಾವನ ಕಪಾಟಿನಲ್ಲಿದ್ದ ಪುಸ್ತಕಗಳನ್ನೆಲ್ಲ ಸೊಸೆ ಗಟ್ಟಿಯಾಗಿ ಓದಿ ಮುಗಿಸಿದಳು. ಅರ್ಥವಾಗದ ಕಡೆ ನಿಂತು ಕೇಳಿದಳು. ಕೆಲವು ಸಲ ವಾದವನ್ನೂ ಮಾಡಿದಳು. ಮಾವನಿಗೆ ಅದೇ ಇಷ್ಟವಾಗುತ್ತಿತ್ತಂತೆ.

ಆ ಮನೆಗೆ ಜನ ಮಸಲೆ ಕೇಳಲು ಬರುತ್ತಿದ್ದರು. ಇದು ಮಾಡಬಹುದೋ ಬಾರದೋ, ಇದರಲ್ಲಿ ಧರ್ಮ ಏನು ಹೇಳುತ್ತದೆ ಎಂದು ಕೇಳುವುದಕ್ಕೆ ಮಸಲೆ ಅನ್ನುತ್ತಾರೆ. ಬಂದವರು ಹೇಳಿ ಮುಗಿಸಿದ ಮೇಲೆ ಮಾವ ಒಳಗೆ ತಿರುಗಿ ಸೊಸೆಯನ್ನು ಕೇಳುತ್ತಿದ್ದರು: “ಮುಖ ಹೆಂಗೈತಿ?” ಸಿಟ್ಟಾಗ್ಯಾನ, ಅಂಜ್ಯಾಳ, ಸುಸ್ತಾಗ್ಯಾನ ಎಂದು ಅವಳು ಕಂಡದ್ದನ್ನು ಹೇಳಬೇಕು. ಒಮ್ಮೆ ಅವಳು, “ಭಾಳ ಅತ್ತಂಗ ಕಾಣತೈತ್ರಿ” ಅಂದಾಗ, “ಹಂಗಾರ ಮೊದಲು ಅಕಿಗೆ ಕುಡಿಯಾಕ ನೀರು ಕೊಡು. ಪುಸ್ತಕ ಆಮ್ಯಾಲೆ ತಗದರಾತು” ಎಂದಿದ್ದರಂತೆ.

ಹಾಸಿಗೆ ಹಿಡಿದಾಗ ಅವರು ಮಕ್ಕಳನ್ನೂ ಒಂದಿಬ್ಬರು ಹಿರಿಯರನ್ನೂ ಕರೆಸಿ ಹೇಳಿದ ಮಾತನ್ನು ಅತ್ತಿ ನನಗೆ ಒಮ್ಮೆ ಮಾತ್ರ ಹೇಳಿದ್ದಾಳೆ, ಅದೂ ನಾಚಿಕೊಂಡು. “ನನ್ನ ಉಸ್ತಾದರು ನನಗ ಹೇಳಿದ್ದನ್ನ ನಾ ಇಕಿಗೆ ಹೇಳೀನಿ. ಇನ್ನ ಇಕಿ ಮಂದಿಗೆ ಹೇಳಬಹುದು. ತಪ್ಪಿದ್ರ ತಿದ್ದಿಕೊಳ್ಳೋ ಗುಣ ಐತಿ ಇಕಿಗೆ.” ನೂರಾರು ವರ್ಷಗಳಿಂದ ಗುರುವಿನಿಂದ ಶಿಷ್ಯರಿಗೆ ಬಾಯಿಂದ ಬಾಯಿಗೆ ಬಂದ ಅಪ್ಪಣೆ ಅದು. ಗಂಗಾವತಿಯ ಒಂದು ಸಣ್ಣ ಮನೆಯಲ್ಲಿ, ಮಂಚದ ಪಕ್ಕ ನಿಂತಿದ್ದ ಸೊಸೆಗೆ ಅದು ಸಿಕ್ಕಿತು.

ಗಂಡ ತೀರಿಕೊಂಡ ಮೇಲೆ ಅತ್ತಿ ತವರಿಗೆ ಬಂದಳು. ಅವಳಿಗೆ ಮಕ್ಕಳಿರಲಿಲ್ಲ. ಬಸ್ಸಿನ ಮೇಲಿಂದ ಇಳಿಸಿದ ಅವಳ ಟ್ರಂಕನ್ನು ಎತ್ತಲು ಇಬ್ಬರು ಬೇಕಾಯಿತು. ಸೀರೆ ಬಂಗಾರ ಇರಬಹುದೆಂದು ನಾವು ಹುಡುಗಿಯರು ಸುತ್ತ ಕೂತೆವು. ತೆರೆದರೆ ಬರೀ ಪುಸ್ತಕ. ನನ್ನ ಅವ್ವ ಹಿತ್ತಲ ಕೋಣೆಯ ಗೋಡೆಗೆ ಹಲಗೆ ಹೊಡೆಸಿಕೊಟ್ಟಳು.

ಮಧ್ಯಾಹ್ನದ ನಮಾಜಾದ ಮೇಲೆ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬರತೊಡಗಿದರು. ಹೊಲದ ಕೂಲಿ ಸಿಗದ ದಿನ ಮನೆಯಲ್ಲಿರುವವರು, ಬಳೆ ಮಾರುವವರು, ಟೇಲರಿಂಗ್ ಮಾಡುವವರು. ಅತ್ತಿ ಒಂದು ಸಾಲು ಓದಿ, ಅದಕ್ಕೆ ಕನ್ನಡ ಹೇಳಿ, ಆಮೇಲೆ ಅವರನ್ನೇ ಮಾತಾಡಲು ಬಿಡುತ್ತಿದ್ದಳು. ಗಂಡ ಹೇಳದೆ ಕೇಳದೆ ಬಿಟ್ಟುಹೋದರೆ ಏನು, ಬಸುರಿ ರಂಜಾನಿನ ಉಪವಾಸ, ರೋಜಾ ಹಿಡಿಯಬೇಕೋ ಬಿಡಬೇಕೋ, ಪಕ್ಕದ ಮನೆಯವರು ಹಸಿದಿದ್ದಾಗ ನಾವು ಹೊಟ್ಟೆ ತುಂಬ ಉಂಡರೆ ನಡೆಯುತ್ತದೋ ಇಲ್ಲವೋ. ಇಂಥವೇ ಪ್ರಶ್ನೆಗಳು. ಧರ್ಮದ ಓದು ಅಂದರೆ ಮೋಡದ ಮೇಲಿನ ಮಾತು ಅಂದುಕೊಂಡಿದ್ದ ನನಗೆ, ಅದು ಅಡುಗೆ ಮನೆ, ಹೆರಿಗೆ ಮನೆ, ನೀರಿನ ನಲ್ಲಿಯ ತನಕ ಬರುತ್ತದೆ ಎಂದು ಗೊತ್ತಾದದ್ದು ಅಲ್ಲಿ.

ಪಿಯುಸಿ ಮುಗಿದಾಗ ನಾನು ಕೊಪ್ಪಳಕ್ಕೆ ಹೋಗಿ ನರ್ಸಿಂಗ್ ಕಲಿಯುತ್ತೇನೆ ಅಂದೆ. ಅಪ್ಪ ಬೈಯಲಿಲ್ಲ, ಹೂಂ ಅನ್ನಲೂ ಇಲ್ಲ. ಅಂಗಡಿಗೆ ಬಂದ ನಮ್ಮ ಮಸೀದಿಯ ಜಮಾತಿನ ಹಿರಿಯರು ಅವನಿಗೆ ಏನೇನೋ ಹೇಳಿದ್ದರು. ರಾತ್ರಿ ಡ್ಯೂಟಿ ಇರ್ತೈತಿ, ಪರಗಂಡಸರ ಮೈ ಮುಟ್ಟಬೇಕಾಗತೈತಿ, ನಾಳೆ ಹುಡುಗಿಗೆ ಗಂಡು ಸಿಗೋದು ಕಷ್ಟ. ಅಪ್ಪ ಎರಡು ದಿನ ಹತ್ತಿಯೊಳಗೇ ಮುಖ ಮುಚ್ಚಿಕೊಂಡಿದ್ದ. ಕೊನೆಗೆ ಅತ್ತಿಯ ಮುಂದೆ ಬಂದು ಕೂತು, “ಅಕ್ಕಾ, ನೀ ಓದಿದಾಕಿ. ಏನ್ ಮಾಡ್ಲಿ ಹೇಳು” ಅಂದ.

ಅತ್ತಿ ಅಕ್ಕಿ ಆರಿಸುತ್ತಿದ್ದಳು. “ನಿನಗ ನಾ ಹೇಳಿದ್ರ ಮನಿಯಾಕಿ ಹೇಳಿದಂಗಾತು. ಬ್ಯಾಡ ಅಂತ ಹೇಳಿದವರನ್ನ ಚಹಾಕ್ಕ ಕರಿ. ಪೇಶ್ ಇಮಾಮರನ್ನೂ ಕರಿ. ಎಲ್ಲಾರ ಮುಂದ ಮಾತಾಡೂಣು” ಅಂದಳು.

ಆಗ ನಮ್ಮ ಮಸೀದಿಗೆ ಹೊಸದಾಗಿ ಬಂದಿದ್ದ ಇಮಾಮರು ರಾಯಚೂರು ಕಡೆಯವರು. ಇನ್ನೂ ಚಿಕ್ಕ ವಯಸ್ಸು, ಕಡಿಮೆ ಮಾತು. ಜುಮ್ಮಾ ನಮಾಜಾದ ಮೇಲೆ ಹಿರಿಯರ ಸಂಗಡ ಬಂದು ಪಡಸಾಲೆಯಲ್ಲಿ ಕೂತರು. ಅತ್ತಿ ತಲೆ ತುಂಬ ಸೆರಗು ಹೊದ್ದು ಒಳಬಾಗಿಲ ಹೊಸ್ತಿಲಲ್ಲಿ ಕೂತಳು. ನಾನು ಅವಳ ಬೆನ್ನ ಹಿಂದಿದ್ದೆ.

“ಮೌಲಾನಾ, ಫರ್ಜು ಎಷ್ಟು ಥರ ಅದಾವ್ರಿ?” ಎಂದು ಅತ್ತಿ ಶುರು ಮಾಡಿದಳು. ಫರ್ಜು ಅಂದರೆ ದೇವರು ಮಾಡಲೇಬೇಕೆಂದು ಹೇಳಿದ ಕೆಲಸ.

“ಎರಡು, ಅಮ್ಮಾ” ಅಂದರು ಇಮಾಮರು. “ಒಂದು ಪ್ರತಿಯೊಬ್ಬರ ಮ್ಯಾಲೂ ಇರೋದು. ನಮಾಜು, ರೋಜಾ ಇದ್ದಂಗ. ಇನ್ನೊಂದು ಎಲ್ಲಾರ ಮ್ಯಾಲೂ ಕೂಡಿ ಇರೋದು, ಫರ್ಜೆ ಕಿಫಾಯಾ. ಕೆಲವರು ಮಾಡಿದ್ರ ಉಳಿದವರ ಮ್ಯಾಲಿನ ಭಾರ ಇಳೀತೈತಿ. ಯಾರೂ ಮಾಡಲಿಲ್ಲ ಅಂದ್ರ ಊರಿಗೆ ಊರೇ ಗುನ್ಹೇಗಾರ.”

“ಸತ್ತವರನ್ನ ಮಣ್ಣು ಮಾಡೋದು ಇದರಾಗ ಬರತೈತಿ, ಹೌದಲ್ರಿ?”

“ಹೌದು.”

“ಬದುಕಿದ್ದವರಿಗೆ ವೈದ್ಯ ಮಾಡೋದು?”

ಇಮಾಮರು ತುಸು ತಡೆದು, “ಅದೂ ಬರತೈತಿ” ಅಂದರು.

ಅತ್ತಿ ಆಮೇಲೆ ಹಿರಿಯರ ಕಡೆ ತಿರುಗಿದಳು. ದನಿ ಏರಿಸಲಿಲ್ಲ. “ಹೋದ ಮಳಿಗಾಲದಾಗ ಮೂಲಿಮನಿ ಸೊಸಿಗೆ ಹೆರಿಗಿ ಬ್ಯಾನಿ ಬಂದಾಗ, ಗಂಡಸ ಡಾಕ್ಟರ್ ಇರ್ತಾನ ಅಂತ ನಾವ ತಡಾ ಮಾಡಿದ್ವಿ. ಒಯ್ಯೂದರಾಗ ಹೊತ್ತು ಮೀರಿತ್ತು. ಮಣ್ಣು ಮಾಡೂಕಿಂತ ಮೊದಲ ಅಕಿ ಮೈ ತೊಳದಾಕಿ ನಾನು. ನಮ್ಮ ಹೆಣ್ಮಕ್ಕಳಿಗೆ ಹೆಂಗಸರ ಕೈನೇ ಬೇಕು ಅಂತೀವಿ. ಹೆಣ್ಮಕ್ಕಳು ಆ ಕೆಲಸ ಕಲೀಬಾರದು ಅಂತೀವಿ. ಈ ಎರಡೂ ಮಾತು ಕೂಡಿ ಹೆಂಗ ನಡೀತಾವ, ನೀವ ಹೇಳ್ರಿ.”

ಆ ಸೊಸೆಯ ಮಾವ ಅಲ್ಲೇ ಕೂತಿದ್ದರು. ಅವರು ಚಹಾದ ಕಪ್ಪು ಕೆಳಗಿಟ್ಟು ನೆಲ ನೋಡಿದರು.

ಇಮಾಮರು ಮಾತ್ರ ಕೂಡಲೇ ಒಪ್ಪಲಿಲ್ಲ. “ಅಮ್ಮಾ, ನೀವು ಹೇಳಿದ್ದು ನನಗ ಸರಿ ಕಾಣತೈತಿ. ಆದ್ರ ಇದನ್ನ ನಾನು ಮಸೀದ್ಯಾಗ ಮಿಂಬರಿನ ಮ್ಯಾಲೆ ನಿಂತು ಎಲ್ಲಾರಿಗೂ ಹೇಳಬೇಕಾದ್ರ ಪುಸ್ತಕ ನೋಡಬೇಕು. ಸ್ವಲ್ಪ ದಿನ ಕೊಡ್ರಿ.” ಅತ್ತಿ, “ನೋಡ್ರಿ. ನಾ ಹೇಳಿದೆ ಅಂತ ನಂಬಬ್ಯಾಡ್ರಿ” ಅಂದಳು. ನನಗೆ ಒಳಗೊಳಗೇ ಸಿಟ್ಟು ಬಂತು. ಅರ್ಜಿ ಹಾಕುವ ದಿನ ಹತ್ತಿರ ಬಂದಿತ್ತು, ಇವರಿಗೆ ಪುಸ್ತಕ ನೋಡುವ ಅವಸರವೇ ಇಲ್ಲ.

ಮರು ವಾರ ಇಮಾಮರು ಒಬ್ಬರೇ ಬಂದರು. ಕೈಯಲ್ಲಿ ದಪ್ಪನೆಯ ಪುಸ್ತಕವೊಂದಿತ್ತು, ನಡುವೆ ಕಾಗದದ ಚೂರು. ಅವರು ಕೂಡುವ ಮೊದಲೇ, “ಅಮ್ಮಾ, ನಿಮ್ಮ ಮಾತು ಸರಿ ಐತಿ. ಆದ್ರ ಅರ್ಧ ಐತಿ” ಅಂದರು. ಅಪ್ಪನ ಮುಖ ಇಳಿಯಿತು. ಅತ್ತಿ ಮುಂದಕ್ಕೆ ಬಾಗಿ, “ಉಳಿದರ್ಧ ಹೇಳ್ರಿ” ಅಂದಳು.

“ಮಾಡೋರು ಮಾಡಿದ್ರ ಉಳಿದವರ ಭಾರ ಇಳೀತೈತಿ ಅಂತ ಸುಮ್ನ ಕೂಡೋ ಹಂಗಿಲ್ಲ. ಯಾರಿಗೆ ಶಕ್ತಿ ಐತೋ ಅವರು ಆ ಕೆಲಸ ಮಾಡಬೇಕು. ಶಕ್ತಿ ಇಲ್ಲದವರು ಶಕ್ತಿ ಇದ್ದವರನ್ನ ಮುಂದ ತರಬೇಕು, ಅವರಿಗೆ ದಾರಿ ಮಾಡಿಕೊಡಬೇಕು. ಅದೂ ಅವರ ಮ್ಯಾಲಿನ ಫರ್ಜೇ. ಹಿಂದಿನ ಆಲಿಮರು ಇದನ್ನ ಬಿಡಿಸಿ ಬರದಾರ. ಹುಡುಗಿ ಕಲಿಯೋದು ಅಕಿ ಜವಾಬ್ದಾರಿ ಆದ್ರ, ಅಕಿನ್ನ ಕಲಿಸೋದು ನಮ್ಮ ಜಮಾತಿನ ಜವಾಬ್ದಾರಿ.”

ಅತ್ತಿ ಪುಸ್ತಕ ಇಸಕೊಂಡು ಆ ಪುಟವನ್ನು ತಾನೇ ಓದಿದಳು. ಮತ್ತೊಮ್ಮೆ ಓದಿದಳು. ಅವಳ ಮುಖದ ಮೇಲೆ ಆಗ ಬಂದ ಸಂತೋಷ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ತನ್ನ ಮಾತನ್ನು ಯಾರಾದರೂ ತಿದ್ದಿದರೆ ಮನುಷ್ಯರಿಗೆ ಅಷ್ಟು ಸಂತೋಷ ಆಗುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವತ್ತು ಮಧ್ಯಾಹ್ನ ಹೆಂಗಸರು ಬಂದು ಕೂತಾಗ ಅವಳು ಮೊದಲು ಹೇಳಿದ್ದೇ ಅದನ್ನು: “ಇಷ್ಟು ದಿನ ನಿಮಗ ನಾ ಅರ್ಧ ಹೇಳಿದ್ದೆ. ಮೌಲಾನಾ ಅದನ್ನ ಪೂರ್ತಿ ಮಾಡ್ಯಾರ. ಕೇಳ್ರಿ.”

ಆ ಶುಕ್ರವಾರ ಇಮಾಮರು ಇದೇ ಮಾತನ್ನು ಮಸೀದಿಯಲ್ಲಿ ಹೇಳಿದರು. ಅಡ್ಡ ಮಾತಾಡಿದ್ದ ಹಿರಿಯರೊಬ್ಬರು ಸಂಜೆ ಅಂಗಡಿಗೆ ಬಂದು, ಕೊಪ್ಪಳದಲ್ಲಿರುವ ತಮ್ಮ ಮಗಳ ಮನೆಗೆ ನಾನು ರಜೆಯ ದಿನ ಊಟಕ್ಕೆ ಹೋಗಬೇಕೆಂದೂ, ರಾತ್ರಿ ಡ್ಯೂಟಿಯ ದಿನ ಅಳಿಯನ ಆಟೋ ಹಾಸ್ಟೆಲಿಗೆ ಬಿಡುತ್ತದೆಂದೂ ಹೇಳಿಹೋದರು. ನಾನು ಹೊರಡುವ ದಿನ ಮೂಲೆಮನೆಯ ಅಜ್ಜಿ ಬಸ್ ಸ್ಟ್ಯಾಂಡಿನ ತನಕ ನಡೆದು ಬಂದು, ಬಸ್ಸು ಹೊರಡುವವರೆಗೂ ಕಿಟಕಿಯ ಕಂಬಿ ಹಿಡಿದು ನಿಂತಿದ್ದಳು. ಅಪ್ಪ ಹೊಸ ಹತ್ತಿಯ ಗಾದಿಯೊಂದನ್ನು ಹೊಲಿದು ಸುತ್ತಿ ಕೊಟ್ಟ. ಹಾಸ್ಟೆಲಿನಲ್ಲಿ ಗೆಳತಿಯರೆಲ್ಲ ಸರದಿಯ ಮೇಲೆ ಅದರ ಮೇಲೆ ಮಲಗಿದ್ದಾರೆ.

ಕಲಿತು, ಕೆಲಸಕ್ಕೆ ಸೇರಿ, ನಾಲ್ಕಾರು ಕಡೆ ತಿರುಗಿ ಕೊನೆಗೆ ನಾನು ಕೊಪ್ಪಳದ ಒಂದು ಆಸ್ಪತ್ರೆಯಲ್ಲಿ ಹಸುಗೂಸುಗಳ ವಿಭಾಗಕ್ಕೆ ಬಂದೆ. ತಿಂಗಳು ತುಂಬದೆ ಹುಟ್ಟಿದ ಕೂಸುಗಳನ್ನು ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಬೆಚ್ಚಗೆ ಇಟ್ಟಿರುತ್ತೇವೆ. ಕೈಬೆರಳಿನಷ್ಟು ತೋಳು, ಇಲಿಮರಿಯಂಥ ದನಿ. ಮೊದಮೊದಲು ಅವುಗಳನ್ನು ಮುಟ್ಟಲು ನನಗೆ ಅಂಜಿಕೆಯಾಗುತ್ತಿತ್ತು.

ಒಂದು ಬೇಸಿಗೆಯಲ್ಲಿ ಕುಷ್ಟಗಿಯಿಂದ ಬಸುರಿಯೊಬ್ಬಳನ್ನು ಕರೆತಂದರು. ನಮ್ಮ ಜನವೇ. ಗಂಡ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಬಿ.ಪಿ. ಏರಿ, ಫಿಟ್ಸ್ ಬಂದು, ಆಪರೇಷನ್ ಮಾಡಿ ಕೂಸನ್ನು ತೆಗೆಯಬೇಕಾಯಿತು. ಗಂಡು ಕೂಸು, ತಿಂಗಳು ತುಂಬಿರಲಿಲ್ಲ. ತಾಯಿ ಐಸಿಯುನಲ್ಲಿ ಎಚ್ಚರವಿಲ್ಲದೆ ಮಲಗಿದ್ದಳು. ಅವಳ ಹಾಲು ಸಿಗುವಂತಿರಲಿಲ್ಲ. ಪುಡಿ ಹಾಲು ಕೊಟ್ಟರೆ ಕೂಸಿನ ಹೊಟ್ಟೆ ಉಬ್ಬುತ್ತಿತ್ತು. ಅದರ ಕರುಳು ಅಷ್ಟು ಎಳೆಯದು.

ಅದೇ ವಿಭಾಗದಲ್ಲಿ ಹೇಮಗುಡ್ಡದ ಹತ್ತಿರದ ಹಳ್ಳಿಯ ಒಬ್ಬ ರೈತ ಹೆಣ್ಣುಮಗಳು ಇದ್ದಳು. ಅವಳ ಕೂಸಿಗೆ ಕಾಮಾಲೆಯಾಗಿ ನೀಲಿ ಬೆಳಕಿನ ಕೆಳಗೆ ಮಲಗಿಸಿದ್ದೆವು. ಅವಳಿಗೆ ಹಾಲು ಎಷ್ಟೆಂದರೆ ರವಿಕೆ ಒದ್ದೆಯಾಗಿ, ಎದೆ ನೋಯುತ್ತದೆಂದು ಹಿಂಡಿ ಚೆಲ್ಲುತ್ತಿದ್ದಳು. ಮಕ್ಕಳ ಡಾಕ್ಟರಮ್ಮ ಅವಳ ರಕ್ತದ ರಿಪೋರ್ಟುಗಳನ್ನೆಲ್ಲ ನೋಡಿ, ಬೇಕಾದ ಟೆಸ್ಟುಗಳನ್ನು ಮತ್ತೊಮ್ಮೆ ಮಾಡಿಸಿ, “ಇವರ ಹಾಲನ್ನು ಆ ಮಗುವಿಗೆ ಕೊಡಬಹುದು. ಎರಡೂ ಮನೆಯವರನ್ನು ಕೇಳಿ” ಎಂದು ನನಗೆ ಹೇಳಿದರು.

ಆ ಹೆಣ್ಣುಮಗಳು ಕೇಳಿದ್ದು ಒಂದೇ ಮಾತು. “ನಮ್ಮ ಕೂಸಿಗೆ ಕಡಿಮಿ ಆಗೂದಿಲ್ಲಲ್ರಿ ಸಿಸ್ಟರ್?” ಆಗುವುದಿಲ್ಲ, ತೆಗೆದಷ್ಟೂ ಬರುತ್ತದೆ ಎಂದು ತಿಳಿಸಿ ಹೇಳಿದೆ. ಅವಳು ಗಂಡನನ್ನು ಕೇಳಿ ಬಂದು, “ಆತು, ತಗೋರಿ” ಅಂದಳು.

ತಡೆದವಳು ಕೂಸಿನ ಅಜ್ಜಿ, ಮೆಕ್ಯಾನಿಕನ ತಾಯಿ. “ಬ್ಯಾಡವಾ” ಅಂದಳು. “ಹಾಲು ಕುಡಿದ್ರ ನಂಟಾಗತೈತಿ. ಯಾರು ಏನು ಅಂತ ಗೊತ್ತಿಲ್ಲ. ನಾಳೆ ಯಾರು ಯಾರಿಗೆ ಏನಾಗ್ತಾರ? ದೇವರ ಮುಂದ ಯಾರು ಜವಾಬು ಕೊಡ್ತಾರ?” ಮಗ ನಡುವೆ ಸಿಕ್ಕಿಕೊಂಡು ಗೋಡೆಗೆ ಒರಗಿ ನಿಂತಿದ್ದ. ಒಳಗೆ ಹೆಂಡತಿ, ಈಚೆ ಕೂಸು, ಎದುರು ತಾಯಿ. ಡಾಕ್ಟರಮ್ಮ ಒಳ್ಳೆಯವರು, ಆದರೆ ಅವತ್ತು ಬೆಳಗಿನಿಂದ ನಿಂತೇ ಇದ್ದರು. “ಮಗುವಿನ ಜೀವದ ಪ್ರಶ್ನೆ ಇದು, ನಂಟಿನ ಮಾತು ಎಲ್ಲಿಂದ ಬಂತು?” ಎಂದು ಬೇಜಾರಾದರು. ಅಜ್ಜಿ ಹೇಳುತ್ತಿದ್ದುದು ಏನೆಂದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಒಬ್ಬಳ ಎದೆಹಾಲು ಕುಡಿದ ಮಕ್ಕಳು ನಮ್ಮಲ್ಲಿ ಅಣ್ಣತಂಗಿಯರ ಸಮ, ಅವರ ನಡುವೆ ಮದುವೆ ಆಗುವಂತಿಲ್ಲ. ಅಜ್ಜಿಯದು ಮೊಂಡುತನ ಅಲ್ಲ, ಅವಳು ಕೇಳಿ ಬೆಳೆದ ಕಾಯಿದೆ. ಆದರೆ ಅವಳಿಗೆ ಉತ್ತರ ಹೇಳುವಷ್ಟು ಓದು ನನ್ನಲ್ಲಿರಲಿಲ್ಲ. ವರಾಂಡಕ್ಕೆ ಬಂದು ಅತ್ತಿಗೆ ಫೋನ್ ಮಾಡಿದೆ.

ಎಲ್ಲವನ್ನೂ ಕೇಳಿಸಿಕೊಂಡು ಅವಳು ಮೊದಲು ಅಂದದ್ದು: “ಆ ಅಜ್ಜಿ ಮುಖ ಹೆಂಗೈತಿ?”

ಗಾಜಿನ ಬಾಗಿಲಿನಾಚೆ ನೋಡಿದೆ. ಅಜ್ಜಿ ಬೆಂಚಿನ ತುದಿಯಲ್ಲಿ ಕೂತು ಸೆರಗಿನ ಅಂಚನ್ನು ಸುತ್ತುತ್ತ ಬಿಚ್ಚುತ್ತ ಇದ್ದಳು. “ಅಂಜ್ಯಾಳ ಅತ್ತಿ. ಊಟಾನೂ ಮಾಡಿಲ್ಲ ಅನ್ನಸ್ತೈತಿ.”

“ಹಂಗಾರ ಮೊದಲು ಅಕಿಗೆ ಏನರ ತಿನ್ನಾಕ ಕೊಡು. ಆಮ್ಯಾಲೆ ನನ್ನ ಮಾತು ಹೇಳು. ಕೂಸಿಗೆ ಹಾಲು ಈಗ ಕೊಡ್ರಿ. ಜೀವ ಉಳಿಸೋದರಾಗ ಅನುಮಾನ ಇಲ್ಲ, ತಡಾ ಮಾಡೋದು ತಪ್ಪು. ನಂಟಿನ ಲೆಕ್ಕ ಬ್ಯಾರೆ. ಅದನ್ನ ನಾ ನೋಡಿ ಬಂದು ಹೇಳ್ತೀನಿ. ಹಾಲನ್ನ ಹೆಂಗ ಕೊಡ್ತೀರಿ, ಬಾಯಿಂದನೋ?”

“ಚೀಪಾಕ ಶಕ್ತಿ ಇಲ್ಲ ಅದಕ್ಕ. ಮೂಗಿನಾಗಿಂದ ಸಣ್ಣ ನಳಿ ಹಾಕಿ ಹೊಟ್ಟಿಗೆ ಬಿಡ್ತೀವಿ.”

“ಮೂಗಿನಾಗಿಂದ” ಎಂದು ಅವಳು ತನ್ನಷ್ಟಕ್ಕೆ ಅಂದುಕೊಂಡಿದ್ದು ಫೋನಿನಲ್ಲಿ ಕೇಳಿಸಿತು. “ಆತು. ನೀ ನಿನ್ನ ಕೆಲಸ ಮಾಡು.”

ಕ್ಯಾಂಟೀನಿನಿಂದ ಇಡ್ಲಿ ತರಿಸಿ ಅಜ್ಜಿಯ ಕೈಗೆ ಕೊಟ್ಟು, ಪಕ್ಕ ಕೂತು, ಯಲಬುರ್ಗಾದ ನಮ್ಮ ಅತ್ತಿ ಯಾರು, ಎಲ್ಲಿ ಓದಿದವಳು ಎಂದು ತಿಳಿಸಿದೆ. ಹೆಂಗಸೊಬ್ಬಳು ಮಸಲೆ ಹೇಳುತ್ತಾಳೆ ಅಂದದ್ದಕ್ಕೆ ಅಜ್ಜಿ ಒಂದು ಗಳಿಗೆ ನನ್ನನ್ನು ನೋಡಿದಳು. “ಅಕಿ ತಾನ ಬರ್ತಾಳೇನು?” ಅಂದಳು. ನಾಳೆ ಬರುತ್ತಾಳೆ ಅಂದೆ. “ಹಂಗಾರ ಕೊಡ್ರಿ. ಅಲ್ಲಾ ನೋಡ್ಕೋತಾನ.” ಆ ಮಧ್ಯಾಹ್ನ ನಳಿಯೊಳಗೆ ಮೊದಲ ಹಾಲು ಹನಿಹನಿಯಾಗಿ ಇಳಿಯಿತು. ಕೂಸಿನ ಹೊಟ್ಟೆ ಉಬ್ಬಲಿಲ್ಲ.

ಮರುದಿನ ಬಿಸಿಲೇರುವ ಹೊತ್ತಿಗೆ ಅತ್ತಿ ಬಸ್ಸಿಳಿದು ಬಂದಳು. ಮೊಣಕಾಲು ನೋವಿತ್ತು, ಕೈಯಲ್ಲಿ ಚೀಲವಿತ್ತು, ಚೀಲದಲ್ಲಿ ಪುಸ್ತಕವಿತ್ತು. ಹಿಂದಿನ ಸಂಜೆಯೆಲ್ಲ ಅವಳು ಪುಸ್ತಕ ನೋಡಿ, ಹಿಂದೆ ನಮ್ಮ ಮಸೀದಿಯಲ್ಲಿದ್ದು ಈಗ ಗಂಗಾವತಿಯಲ್ಲಿರುವ ಆ ಇಮಾಮರಿಗೆ ಫೋನ್ ಮಾಡಿ, ಅವರು ತಮ್ಮ ಕಪಾಟು ನೋಡಿ, ಇಬ್ಬರೂ ಸಾಲಿಗೆ ಸಾಲು ಕೂಡಿಸಿಕೊಂಡಿದ್ದರು. ಅವಳ ಮುಖ ಹೊಸ ಆಟಿಕೆ ಸಿಕ್ಕ ಮಕ್ಕಳ ಹಾಗೆ ಅರಳಿತ್ತು. “ಕೇಳಿಲ್ಲಿ. ಹಾಲನ್ನ ಬಾಯಾಗ ಸುರುವಿದ್ರ ಏನು, ಮೂಗಿನಾಗ ಬಿಟ್ರ ಏನು ಅಂತ ಹಿಂದಿನವರು ಆಗಲೇ ಕೇಳ್ಯಾರ, ಆಗಲೇ ಬರದಾರ. ನಿಮ್ಮ ನಳಿ ಅವರಿಗೆ ಗೊತ್ತಿರಲಿಲ್ಲ. ಆದ್ರೂ ಚೀಪಲಾರದ ಕೂಸು ಅವರ ಕಾಲಕ್ಕೂ ಇತ್ತು ನೋಡು.”

ವಿಭಾಗದ ಹೊರಗಿನ ಬೆಂಚಿನ ಮೇಲೆ ಅಜ್ಜಿ ಕೂತಿದ್ದಳು, ಎದುರಿಗೆ ಆ ಹೇಮಗುಡ್ಡದ ಕಡೆಯ ಹೆಣ್ಣುಮಗಳು ಕಂಬಕ್ಕೆ ಒರಗಿ ನಿಂತಿದ್ದಳು. ಡಾಕ್ಟರಮ್ಮನೂ ಬಂದು ನಿಂತರು. ಅತ್ತಿ ಅಜ್ಜಿಯ ಪಕ್ಕ ಕೂತು ಅವಳ ಕೈ ಹಿಡಿದುಕೊಂಡಳು.

“ನೀವು ಹೇಳಿದ್ದು ತಪ್ಪಲ್ಲವ್ವಾ” ಅಂದಳು. “ಹಾಲಿನಿಂದ ನಂಟಾಗತೈತಿ. ಬಾಯಿಂದ ಹೋದ್ರೂ ಆಗತೈತಿ, ಮೂಗಿನಿಂದ ಹೋದ್ರೂ ಆಗತೈತಿ. ಯಾರ ಹಾಲು ಅಂತ ಗೊತ್ತಿರಬೇಕು ಅನ್ನೋದೂ ಸರಿ. ಅದಕ್ಕ ಇಬ್ಬರ ಮನಿಯವರೂ ಒಬ್ಬರನ್ನೊಬ್ಬರು ಗುರ್ತು ಹಿಡಕೊಳ್ರಿ, ಊರು ಮನಿ ಕೇಳಿಕೊಳ್ರಿ. ಆದ್ರ ನಂಟಾಗತೈತಿ ಅಂತ ಹಾಲು ತಡೀಬೇಕು ಅಂತ ಯಾರೂ ಹೇಳಿಲ್ಲ. ನಂಟು ಆಗೋದು ಕೆಟ್ಟದ್ದಲ್ಲ.”

ಅಜ್ಜಿ ಮೆಲ್ಲಗೆ, “ಅವರು ನಮ್ಮವರಲ್ಲಲ್ಲ. ಆದ್ರೂ ಆಗತೈತೇನು?” ಎಂದು ಕೇಳಿದಳು.

“ಆದ್ರೂ ಆಗತೈತಿ. ಹಾಲು ಕೊಟ್ಟಾಕಿ ತಾಯಿ. ಅಕಿ ಮಕ್ಕಳು ನಿಮ್ಮ ಮೊಮ್ಮಗನಿಗೆ ಒಡಹುಟ್ಟಿದವರು.”

ಇದೆಲ್ಲ ಕನ್ನಡದಲ್ಲೇ ನಡೆಯುತ್ತಿದ್ದುದರಿಂದ ಆ ಹೆಣ್ಣುಮಗಳು ಅಷ್ಟನ್ನೂ ಕೇಳಿಸಿಕೊಂಡಿದ್ದಳು. ಒಂದು ಹೆಜ್ಜೆ ಮುಂದೆ ಬಂದು, “ಹಂಗಾರ ಅಂವ ನನ್ನ ಮಗ ಏನ್ರಿ?” ಎಂದು ಕೇಳಿದಳು. ತಮಾಷೆ ಇರಲಿಲ್ಲ ಅವಳ ದನಿಯಲ್ಲಿ.

“ಹೌದವ್ವಾ. ಹಾಲಿನ ಮಗ. ನಿನ್ನ ಆಸ್ತಿ ಕೇಳೂದಿಲ್ಲ, ನಿನ್ನ ಮರ್ಯಾದಿ ಮಾತ್ರ ಅಂವ ಕಾಯಬೇಕು. ನಮ್ಮ ಪೈಗಂಬರರಿಗೂ ಒಬ್ಬಾಕಿ ಹಾಲುಣಿಸಿದ ತಾಯಿ ಇದ್ದಳು. ದೊಡ್ಡವರಾದ ಮ್ಯಾಲೆ ಅಕಿ ಬಂದ್ರ ಎದ್ದು, ತಾವು ಹೊದ್ದ ಚಾದರ ಹಾಸಿ ಕೂಡಸ್ತಿದ್ರು ಅಂತ ಹೇಳ್ತಾರ.”

ಅಜ್ಜಿ ಎದ್ದಳು. ಹೆಗಲ ಮೇಲಿದ್ದ ಹಳೆಯ ಚಾದರವನ್ನು ತೆಗೆದು ಬೆಂಚಿನ ಮೇಲೆ ಹಾಸಿದಳು. ಅಂಗೈಯಿಂದ ಅದರ ಸುಕ್ಕು ಸರಿಮಾಡಿದಳು. “ಬಾ ಇಲ್ಲೆ” ಅಂದಳು ಆ ಹೆಣ್ಣುಮಗಳಿಗೆ. “ಆಗಿನಿಂದ ನಿಂತೇ ಅದೀಯಲ್ಲ. ಬಾಣಂತಿ ನೀ, ಕೂಡು.”

ಅವಳು ಹಿಂದೆ ಮುಂದೆ ನೋಡಿ, ಚಾದರದ ಅಂಚಿನಲ್ಲಿ ಕೂತಳು. ಅಜ್ಜಿ, “ನಡುವ ಕೂಡು” ಅಂದಳು. ನಾನು ಕೂಸು ನೋಡುವ ನೆವ ಮಾಡಿ ಒಳಗೆ ಹೋದೆ.

ಸ್ವಲ್ಪ ಹೊತ್ತಾದ ಮೇಲೆ ಡಾಕ್ಟರಮ್ಮ ಅತ್ತಿಯನ್ನು ತಮ್ಮ ಕೋಣೆಗೆ ಕರೆದು ಚಹಾ ಕೊಟ್ಟರು. “ನಾನು ಅಜ್ಜಿಯದು ಮೂಢನಂಬಿಕೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಒಂದು ನ್ಯಾಯವಾದ ಪ್ರಶ್ನೆ ಅಂತ ಈಗ ತಿಳಿಯಿತು” ಅಂದರು. ಅತ್ತಿ, “ನಿಮಗ ಆ ಹಾಲಿನಾಗ ರೋಗ ಇಲ್ಲ ಅಂತ ಖಾತ್ರಿ ಇರಲಿಲ್ಲ ಅಂದಿದ್ರ ನಾನೂ ಕೊಡ್ರಿ ಅಂತ ಹೇಳ್ತಿರಲಿಲ್ರಿ. ಮೈ ವಿಷಯ ನೀವು ಹೇಳಬೇಕು. ನಾವು ಅದನ್ನ ಕೇಳಿ ಆಮ್ಯಾಲೆ ಬಾಯಿ ತಗೀಬೇಕು” ಅಂದಳು. ಆಮೇಲೆ ಇಬ್ಬರೂ ನನ್ನನ್ನು ಮರೆತು ಬಹಳ ಹೊತ್ತು ಮಾತಾಡಿದರು. ತಿಂಗಳು ತುಂಬದ ಕೂಸಿನ ಕರುಳು ಹೇಗಿರುತ್ತದೆ, ಅದಕ್ಕೆ ಪುಡಿ ಹಾಲು ಯಾಕೆ ಆಗುವುದಿಲ್ಲ ಎಂದು ಅತ್ತಿ ಕೇಳುತ್ತಿದ್ದಳು, ಡಾಕ್ಟರಮ್ಮ ಕಾಗದದ ಮೇಲೆ ಚಿತ್ರ ಬರೆದು ತೋರಿಸುತ್ತಿದ್ದರು. ಅದಾದ ಮೇಲೆ ನಮ್ಮ ವಿಭಾಗದಲ್ಲಿ ಒಬ್ಬ ತಾಯಿಯ ಹಾಲನ್ನು ಇನ್ನೊಂದು ಕೂಸಿಗೆ ಕೊಡುವಾಗಲೆಲ್ಲ, ಎರಡೂ ಕಡೆಯವರು ಬಯಸಿದರೆ ಒಬ್ಬರಿಗೊಬ್ಬರನ್ನು ಪರಿಚಯ ಮಾಡಿಸುತ್ತೇವೆ. ಮುಸ್ಲಿಮರ ಮನೆಯವರಾದರೆ ಡಾಕ್ಟರಮ್ಮ ತಾವೇ ಆ ಮಾತು ತೆಗೆಯುತ್ತಾರೆ.

ಕೂಸಿನ ತಾಯಿಗೆ ಎಚ್ಚರ ಬಂತು. ನಿಧಾನವಾಗಿ ಅವಳಿಗೂ ಹಾಲು ಬಂತು. ಕೂಸು ಮೈ ಹಿಡಿದು, ಚೀಪಲು ಕಲಿತು ಮನೆಗೆ ಹೋಯಿತು. ಹೇಮಗುಡ್ಡದ ಕಡೆಯವರು ಅದಕ್ಕೂ ಮೊದಲೇ ಊರಿಗೆ ಹೋಗಿದ್ದರು. ಆಸ್ಪತ್ರೆಯ ಗುರುತು ಆಸ್ಪತ್ರೆಯಲ್ಲೇ ಉಳಿಯುತ್ತದೆ ಎಂದು ನಾನು ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಭತ್ತ ಬಂದಾಗ ಅಲ್ಲಿಂದ ಕುಷ್ಟಗಿಗೆ ಹೊಸ ಅಕ್ಕಿ ಹೋಯಿತು. ಈದಿಗೆ ಕುಷ್ಟಗಿಯಿಂದ ಅಲ್ಲಿಗೆ ಶ್ಯಾವಿಗೆ ಹೋಯಿತು. ಹುಡುಗ ಮಾತು ಕಲಿತ ಮೇಲೆ ಹೆತ್ತವಳನ್ನು ಅಮ್ಮಿ ಅಂತಲೂ ಹಾಲು ಕೊಟ್ಟವಳನ್ನು ಅವ್ವ ಅಂತಲೂ ಕರೆಯತೊಡಗಿದ.

ಹೋದ ಚಳಿಗಾಲದಲ್ಲಿ ಆ ಅಜ್ಜಿ ತೀರಿಕೊಂಡಳು. ನಾನೂ ಅತ್ತಿಯೂ ಕುಷ್ಟಗಿಗೆ ಹೋದೆವು. ಹೆಂಗಸರು ಕೂತಿದ್ದ ಕೋಣೆಗೆ ಆ ರೈತ ಹೆಣ್ಣುಮಗಳು ತನ್ನ ಮಗಳನ್ನು ಕರೆದುಕೊಂಡು ಬಂದಳು. ಬಾಗಿಲಲ್ಲಿ ಯಾರೋ ದೂರದ ಸಂಬಂಧಿ, “ಇವರು ಯಾರು?” ಎಂದು ಕೇಳಿದರು. ಹುಡುಗನ ತಾಯಿ ಅಳುತ್ತಿದ್ದವಳು ತಲೆ ಎತ್ತಿ, “ನಮ್ಮ ಹುಡುಗನ ಅವ್ವ. ಒಳಗ ಬಿಡ್ರಿ” ಅಂದಳು.

ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಅತ್ತಿ ಕೂತಿದ್ದಳು. ಹೊರಗೆ ಎರೆಹೊಲದ ತುಂಬ ಕಡಲೆ ಹಸಿರಾಗಿತ್ತು. ಬಹಳ ದೂರ ಬಂದ ಮೇಲೆ ನನ್ನ ಕಡೆ ತಿರುಗಿದಳು.

“ಮೊನ್ನೆ ಒಬ್ಬಾಕಿ ಬಂದಿದ್ದಳು. ಅಣ್ಣಗ ಕಿಡ್ನಿ ಕೊಡಬೇಕು ಅಂತಾಳ, ಗಂಡನ ಮನಿಯವರು ಬ್ಯಾಡ ಅಂತಾರ. ಕೊಟ್ಟಾಕಿಗೆ ಮುಂದ ಏನೇನು ತೊಂದರಿ ಆಗಬಹುದು, ಮಕ್ಕಳಾಗೂದಕ್ಕ ಅಡ್ಡಿ ಐತೇನು, ಇದೆಲ್ಲ ನಿಮ್ಮ ಡಾಕ್ಟರಮ್ಮನ್ನ ಕೇಳಿ ನನಗ ಹೇಳ್ತೀಯೇನು?”

“ಅವರು ಮಕ್ಕಳ ಡಾಕ್ಟರ್ ಅತ್ತಿ. ಕಿಡ್ನಿದು ಬ್ಯಾರೆಯವರನ್ನ ಕೇಳಬೇಕು.”

“ಹಂಗಾರ ಯಾರಿಗೆ ಗೊತ್ತೈತೋ ಅವರ ಕಡೆ ಕರಕೊಂಡು ಹೋಗು. ನಾನ ಬರ್ತೀನಿ. ಎದುರಿಗೆ ಕೂತು ಕೇಳಬೇಕು.”

ಸೋಮವಾರ ನನಗೆ ರಜೆ ಇತ್ತು. ಸೋಮವಾರ ಹೋಗೋಣ ಅಂದೆ. ಅವಳು ಬೆಳಗಿನ ಮೊದಲ ಬಸ್ಸಿಗೇ ಬರುತ್ತೇನೆ ಅಂದಳು.